ನಿಧಾನವಾಗಿದ್ದು ಗಡಿಯಾರವೋ, ಕಾಲವೋ?

ಮುಂಜಾವು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ನಾನು ಓದಿದ್ದು ಕಾಮರ್ಸ್. ಫಿಸಿಕ್ಸ್ ಸಹವಾಸ ಹತ್ತನೇ ಕ್ಲಾಸಿಗೇ ಮುಗಿಯಿತು. ಹಾಗಾಗಿ ಸೂತ್ರಗಳು ಕಡಿಮೆ ಇದ್ದರೆ ಒಳ್ಳೆಯದು.

ವೇಗವಾಗಿ ಓಡುವ ಗಡಿಯಾರ ನಿಧಾನವಾಗುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. 1971ರಲ್ಲಿ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿ ಸುತ್ತಿಸಿದರಂತೆ. ಇಳಿಸಿ ನೋಡಿದರೆ ನೆಲದ ಗಡಿಯಾರದ ಜೊತೆ ತಾಳೆಯಾಗಲಿಲ್ಲವಂತೆ. ಸರಿ. ಆದರೆ ಗಡಿಯಾರ ಒಂದು ಯಂತ್ರ ಅಲ್ವಾ? ಕುಲುಕಿದರೆ, ಬಿಸಿಯಾದರೆ, ಆಯಸ್ಕಾಂತದ ಹತ್ತಿರ ಹೋದರೆ ಅದು ತಪ್ಪಬಹುದು. ಥರ್ಮಾಮೀಟರ್ ಕೆಟ್ಟರೆ ಜ್ವರ ಇಳಿಯಿತು ಅಂತ ಯಾರೂ ಹೇಳುವುದಿಲ್ಲ. ಮತ್ತೆ ಗಡಿಯಾರ ನಿಧಾನವಾದರೆ ಕಾಲವೇ ನಿಧಾನವಾಯಿತು ಅಂತ ಯಾವ ಧೈರ್ಯದ ಮೇಲೆ ಹೇಳುತ್ತಾರೆ?

ವಾದಕ್ಕೆ ಕೇಳುತ್ತಿಲ್ಲ. ನಿಜವಾಗಿಯೂ ಅರ್ಥ ಮಾಡಿಕೊಳ್ಳಬೇಕು ಅಂತ ಆಸೆ.

ಹೇರ್‌ಸ್ಪ್ರಿಂಗ್

ಮುಂಜಾವು ಅವರೇ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಾನು ಗಡಿಯಾರ ರಿಪೇರಿ ಮಾಡುವವನು. ತಪ್ಪು ಟೈಮ್ ತೋರಿಸುವ ಗಡಿಯಾರಗಳನ್ನು ನೋಡುವುದೇ ನನ್ನ ಕೆಲಸ. ಹಾಗಾಗಿ ಮೊದಲು ಗಡಿಯಾರದ ಕಾಯಿಲೆಗಳ ಬಗ್ಗೆ ಹೇಳುತ್ತೇನೆ.

ಸಾಮಾನ್ಯ ಕೈಗಡಿಯಾರದ ಹಿಂದಿನ ಮುಚ್ಚಳ ತೆಗೆಯಿರಿ. ಸೆಲ್ ಪಕ್ಕದಲ್ಲಿ ಬೆಳ್ಳಿ ಬಣ್ಣದ ಒಂದು ಪುಟ್ಟ ಕೊಳವೆ ಮಲಗಿರುತ್ತದೆ. ಅದರೊಳಗೆ ಎರಡು ಕವಲಿನ ಕ್ವಾರ್ಟ್ಜ್ ಹರಳು ಇದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ ಸುಮ್ನೆ ಆರಿಸಿದ್ದಲ್ಲ. ಇದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಚಿಪ್ ಮಾಡುವುದೂ ಅಷ್ಟೇ: ಅರ್ಧ, ಅರ್ಧ, ಅರ್ಧ, ಕೊನೆಗೆ ಒಂದು ಟಿಕ್. ಈ ಹರಳಿಗೆ ಬಿಸಿಯೂ ಒಗ್ಗುವುದಿಲ್ಲ, ಚಳಿಯೂ ಒಗ್ಗುವುದಿಲ್ಲ. ಮೈಯ ಬಿಸಿಗೆ ಅಂಟಿಕೊಂಡಿದ್ದರೆ ಒಂದು ಲೆಕ್ಕ, ರಾತ್ರಿ ಮೇಜಿನ ಮೇಲೆ ತಣ್ಣಗೆ ಮಲಗಿದ್ದರೆ ಇನ್ನೊಂದು.

ಲೋಲಕದ ಗಡಿಯಾರದ ಕಾಯಿಲೆ ಬೇರೆ. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳ ವಿಜ್ಞಾನಿ ಪ್ಯಾರಿಸ್‌ನಿಂದ ಕಯೆನ್‌ಗೆ ಹೋದರು. ಅದು ಭೂಮಧ್ಯರೇಖೆಯ ಹತ್ತಿರದ ಜಾಗ. ಪ್ಯಾರಿಸ್‌ನಲ್ಲಿ ಸರಿಯಾಗಿದ್ದ ಲೋಲಕ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಅಲ್ಲಿ ಗುರುತ್ವ ಸ್ವಲ್ಪ ಕಡಿಮೆ. ಎಳೆತ ಕಡಿಮೆಯಾದರೆ ಲೋಲಕ ಸೋಮಾರಿಯಾಗುತ್ತದೆ. ಹಾಗಂತ ಕಯೆನ್‌ನಲ್ಲಿ ಕಾಲ ನಿಧಾನ ಅಂತ ಯಾರೂ ಹೇಳಲಿಲ್ಲ. ಯಾಕೆಂದರೆ ನಕ್ಷತ್ರಗಳು ತಮ್ಮ ಹೊತ್ತಿಗೇ ತಲೆಯ ಮೇಲೆ ಬರುತ್ತಿದ್ದವು. ತಪ್ಪಿದ್ದು ಲೋಲಕ ಮಾತ್ರ.

ನನ್ನ ಮೇಜಿನ ಮೇಲಿನ ನಿಯಮವೂ ಇದೇ. ಒಂದು ಗಡಿಯಾರ ತಪ್ಪಿದರೆ ಅದರ ಕಾಯಿಲೆ ಹುಡುಕು. ಬೇರೆ ಬೇರೆ ಜಾತಿಯ ಗಡಿಯಾರಗಳೆಲ್ಲ ಒಟ್ಟಿಗೆ, ಒಂದೇ ಅಳತೆಯಲ್ಲಿ ತಪ್ಪಿದರೆ ಗಡಿಯಾರದ ಮೇಲೆ ಗೂಬೆ ಕೂರಿಸಬೇಡ. ಹರಳಿನ ಕಾಯಿಲೆ ಲೋಲಕಕ್ಕೆ ಬರುವುದಿಲ್ಲ. ಲೋಲಕದ ಕಾಯಿಲೆ ಹರಳಿಗೆ ಬರುವುದಿಲ್ಲ.

ಕಪ್ಪುಹಲಗೆ

ಹೇರ್‌ಸ್ಪ್ರಿಂಗ್ ಅವರು ನನ್ನ ಅರ್ಧ ಕೆಲಸ ಮುಗಿಸಿದ್ದಾರೆ. ನಾನು ಫಿಸಿಕ್ಸ್ ಮೇಷ್ಟ್ರು. ಅವರು ಹೇಳಿದ ಲೋಲಕದ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ಮಕ್ಕಳು ಇಲ್ಲೇ ಎಡವುತ್ತಾರೆ. ಲೋಲಕವನ್ನು ಒಂದು ಕಿ.ಮೀ. ಎತ್ತರದ ಬೆಟ್ಟಕ್ಕೆ ಒಯ್ದರೆ ದಿನಕ್ಕೆ ಸುಮಾರು 10 ಸೆಕೆಂಡ್ *ಹಿಂದೆ* ಬೀಳುತ್ತದೆ. ಅದು ಯಂತ್ರದ ಗುಣ. ಕಾಲದ ಮೇಲೆ ಎತ್ತರದ ಪರಿಣಾಮ ಇದಕ್ಕೆ ಉಲ್ಟಾ. ಒಂದು ಕಿ.ಮೀ. ಮೇಲಿರುವ ಪರಮಾಣು ಗಡಿಯಾರ ದಿನಕ್ಕೆ ಸುಮಾರು 9 ನ್ಯಾನೊಸೆಕೆಂಡ್ *ಮುಂದೆ* ಹೋಗುತ್ತದೆ. ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಎರಡೂ ಬೇರೆ ಬೇರೆ ಸಂಗತಿ. ದಿಕ್ಕೂ ಬೇರೆ, ಗಾತ್ರವೂ ಬೇರೆ.

ಈಗ ಮುಂಜಾವು ಅವರ ಪ್ರಶ್ನೆ. 1971ರ ಆ ಪ್ರಯೋಗ ಹ್ಯಾಫೆಲೆ ಮತ್ತು ಕೀಟಿಂಗ್ ಅವರದು. ಸೀಸಿಯಂ ಲೋಹದ ಪರಮಾಣುಗಳನ್ನು ಬಳಸುವ ನಾಲ್ಕು ಗಡಿಯಾರ, ಸಾಮಾನ್ಯ ಪ್ರಯಾಣಿಕರ ವಿಮಾನಗಳು. ಪೂರ್ವಕ್ಕೆ ಸುತ್ತಿದಾಗ ಸರಾಸರಿ 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು. ಪಶ್ಚಿಮಕ್ಕೆ ಸುತ್ತಿದಾಗ 273 ನ್ಯಾನೊಸೆಕೆಂಡ್ ಮುಂದೆ ಹೋದವು. ಭೂಮಿಯೂ ಪೂರ್ವಕ್ಕೇ ತಿರುಗುವುದರಿಂದ ಪೂರ್ವಕ್ಕೆ ಹೋದ ವಿಮಾನದ ಒಟ್ಟು ವೇಗ ಹೆಚ್ಚು, ಪಶ್ಚಿಮಕ್ಕೆ ಹೋದದ್ದರದು ಕಡಿಮೆ. ಎತ್ತರದ ಪರಿಣಾಮ ಎರಡಕ್ಕೂ ಸೇರುತ್ತದೆ. ವೇಗ, ಗುರುತ್ವ ಎರಡೂ ಕಾಲವನ್ನು ಬದಲಿಸುತ್ತವೆ ಅನ್ನುವ ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತದ ಲೆಕ್ಕ 40 ಹಿಂದೆ, 275 ಮುಂದೆ ಅಂತಿತ್ತು. ಪೂರ್ವದ ಲೆಕ್ಕದಲ್ಲಿ 23 ಆಚೀಚೆ ಆಗಬಹುದು ಅಂತ ಅವರೇ ಹೇಳಿದ್ದರು. ಅಂದರೆ ಸಿಕ್ಕಿದ್ದು ಆ ಮಿತಿಯ ಒಳಗೇ ಇದೆ. ನಾಲ್ಕು ಗಡಿಯಾರಗಳೂ ಒಂದೇ ಅಂಕಿ ಕೊಡಲಿಲ್ಲ, ನಿಜ. ಆದರೆ ನಾಲ್ಕೂ ಪೂರ್ವಕ್ಕೆ ಹೋದಾಗ ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದಾಗ ಮುಂದೆ ಹೋದವು. ಬರೀ ಕುಲುಕಾಟದ ಕಾಯಿಲೆಯಾಗಿದ್ದರೆ ದಿಕ್ಕು ನೋಡಿ ಬರುತ್ತಿರಲಿಲ್ಲ ಅಲ್ವಾ?

ನನಗೆ ಇದಕ್ಕಿಂತ ಇಷ್ಟವಾದ ಸಾಕ್ಷಿ ಮ್ಯೂಯಾನ್. ಅದೊಂದು ಕಣ. ಹುಟ್ಟಿ ಸರಾಸರಿ 2.2 ಮೈಕ್ರೊಸೆಕೆಂಡಿಗೆ ಒಡೆದುಹೋಗುತ್ತದೆ. ಮೈಕ್ರೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ವಾತಾವರಣದ ಮೇಲ್ಭಾಗದಲ್ಲಿ, ಸುಮಾರು 15 ಕಿ.ಮೀ. ಎತ್ತರದಲ್ಲಿ ಇವು ಹುಟ್ಟುತ್ತವೆ. ಹೆಚ್ಚು ಕಡಿಮೆ ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಹೊತ್ತಿನಲ್ಲಿ 660 ಮೀಟರ್ ದಾಟುವುದೇ ಹೆಚ್ಚು. ನೆಲ ಮುಟ್ಟುವುದು ಬಹಳ ಅಪರೂಪ ಆಗಬೇಕಿತ್ತು. ಆದರೆ ನೀವು ಇದನ್ನು ಓದುತ್ತಿರುವಾಗಲೂ ಅವು ನಿಮ್ಮ ಅಂಗೈ ಮೂಲಕ ಹೋಗುತ್ತಿವೆ. ನಿಮಿಷಕ್ಕೆ ಹತ್ತಾರು. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಮ್ಯೂಯಾನ್‌ಗಳನ್ನು ಉಂಗುರದಂಥ ಕೊಳವೆಯಲ್ಲಿ ಸುತ್ತಿಸಿ ಅವುಗಳ ಆಯಸ್ಸು ಅಳೆದರು. 2.2 ಅಲ್ಲ, ಸುಮಾರು 64 ಮೈಕ್ರೊಸೆಕೆಂಡ್. 29 ಪಟ್ಟು ಜಾಸ್ತಿ! ಆ ವೇಗಕ್ಕೆ ಲೆಕ್ಕ ಹೇಳುವುದೂ ಅಷ್ಟನ್ನೇ. ಮ್ಯೂಯಾನ್‌ಗೆ ಹಲ್ಲುಚಕ್ರ ಇಲ್ಲ, ಸ್ಪ್ರಿಂಗ್ ಇಲ್ಲ, ಎಣ್ಣೆ ಒಣಗುವುದಿಲ್ಲ. ಕೆಡಲು ಒಳಗೆ ಏನೂ ಇಲ್ಲ.

ಮುಂಜಾವು

ಮ್ಯೂಯಾನ್ ವಿಷಯ ಓದಿ ಸ್ವಲ್ಪ ಹೊತ್ತು ಅಂಗೈ ನೋಡುತ್ತಾ ಕೂತೆ. ಧನ್ಯವಾದ ಸರ್.

ಆದರೆ ಇದು ಯಾಕೆ ಹೀಗೆ? ಕಾರಣ ಗೊತ್ತಾಗದೆ ಬರೀ ನಂಬಿಕೊಳ್ಳುವುದು ಕಷ್ಟ.

ಕಪ್ಪುಹಲಗೆ

ಒಂದು ಹಾಳೆ, ಒಂದು ಸ್ಕೇಲ್ ತೆಗೆದುಕೊಳ್ಳಿ. ಅಡ್ಡಕ್ಕೆ 3 ಸೆಂ.ಮೀ. ಗೆರೆ. ಅದರ ಬಲ ತುದಿಯಿಂದ ನೆಟ್ಟಗೆ ಮೇಲಕ್ಕೆ 4 ಸೆಂ.ಮೀ. ಗೆರೆ. ಈಗ ಎಡ ತುದಿಯಿಂದ ಮೇಲಿನ ತುದಿಗೆ ಓರೆ ಗೆರೆ ಎಳೆದು ಅಳೆಯಿರಿ. ಸರಿಯಾಗಿ 5 ಬರುತ್ತದೆ.

ಒಂದು ಎತ್ತರದ ಪೆಟ್ಟಿಗೆ ಇದೆ ಅಂದುಕೊಳ್ಳಿ. ತಳದಲ್ಲೊಂದು ಕನ್ನಡಿ, ಮೇಲೊಂದು ಕನ್ನಡಿ. ನಡುವೆ ಬೆಳಕು ಓಡಾಡುತ್ತದೆ. ಪೆಟ್ಟಿಗೆ ನಿಮ್ಮ ಮುಂದೆ ಎಡದಿಂದ ಬಲಕ್ಕೆ, ಬೆಳಕಿನ ವೇಗದ ನೂರಕ್ಕೆ 60 ಪಾಲು ವೇಗದಲ್ಲಿ ಹೋಗುತ್ತಿದೆ. ಪೆಟ್ಟಿಗೆಯೊಳಗೆ ಕೂತವರಿಗೆ ಬೆಳಕು ನೆಟ್ಟಗೆ 4 ಸೆಂ.ಮೀ. ಹತ್ತಿತು. ಹೊರಗೆ ನಿಂತ ನಿಮಗೆ? ಬೆಳಕು ಹತ್ತುವಷ್ಟರಲ್ಲಿ ಪೆಟ್ಟಿಗೆ 3 ಸೆಂ.ಮೀ. ಸರಿದಿದೆ. ಬೆಳಕು ಓರೆ ಗೆರೆಯ ಮೇಲೆ 5 ಸೆಂ.ಮೀ. ಹೋಗಿದೆ.

ಚೆಂಡಾಗಿದ್ದರೆ ತೊಂದರೆ ಇರಲಿಲ್ಲ. ಹೊರಗಿನವರಿಗೆ ಚೆಂಡಿನ ವೇಗ ಜಾಸ್ತಿ ಕಾಣುತ್ತದೆ, ಮುಗಿಯಿತು. ಬೆಳಕು ಹಾಗಲ್ಲ. ಯಾರು ಅಳೆದರೂ ಅದರ ವೇಗ ಸೆಕೆಂಡಿಗೆ 2,99,792 ಕಿ.ಮೀ. ಚಿಲ್ಲರೆ, ಅಷ್ಟೇ. 1905ರಲ್ಲಿ ಐನ್‌ಸ್ಟೈನ್ ಈ ಒಂದು ಮಾತನ್ನು ಬಿಗಿಯಾಗಿ ಹಿಡಿದುಕೊಂಡರು. ವೇಗ ಒಂದೇ ಆದಮೇಲೆ 5 ಸೆಂ.ಮೀ. ಹೋಗಲು 5 ಪಾಲು ಹೊತ್ತು ಬೇಕು, 4 ಸೆಂ.ಮೀ. ಹೋಗಲು 4 ಪಾಲು ಸಾಕು. ಅದೇ ಬೆಳಕು, ಅದೇ ಪಯಣ. ನಿಮಗೆ 5, ಒಳಗಿನವರಿಗೆ 4.

ಅದು ಬರೀ ಬೆಳಕಿನ ಗಡಿಯಾರ, ನನ್ನ ಕೈಗಡಿಯಾರ ಯಾಕೆ ನಿಧಾನವಾಗಬೇಕು ಅಂತ ನೀವು ಕೇಳಬಹುದು. ಆ ಪೆಟ್ಟಿಗೆಯ ಪಕ್ಕದಲ್ಲೇ ಕೈಗಡಿಯಾರ ಇಡಿ. ಒಂದು ನಿಧಾನವಾಗಿ ಇನ್ನೊಂದು ಆಗದಿದ್ದರೆ ಒಳಗೆ ಕೂತವರಿಗೆ ಎರಡರ ನಡುವೆ ವ್ಯತ್ಯಾಸ ಕಾಣಬೇಕು. ಕಿಟಕಿ ಮುಚ್ಚಿದ್ದರೂ, ಓ, ನಾವು ಓಡುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗಿಬಿಡಬೇಕು. ಹಾಗೆ ಗೊತ್ತಾಗುವುದಿಲ್ಲ. ಒಂದೇ ವೇಗದಲ್ಲಿ ನೇರ ಹೋಗುವ ಹಡಗಿನ ಒಳಕೋಣೆಯಲ್ಲಿ ಕೂತರೆ ಹಡಗು ನಿಂತಿದೆಯೋ ಓಡುತ್ತಿದೆಯೋ ತಿಳಿಯದು ಅಂತ ಗೆಲಿಲಿಯೊ ಕಾಲದಿಂದಲೂ ಗೊತ್ತಿದೆ. ಆದ್ದರಿಂದ ಹರಳು, ಸ್ಪ್ರಿಂಗ್, ನಾಡಿ, ಉಗುರು ಬೆಳೆಯುವುದು, ಎಲ್ಲವೂ ಒಂದೇ ಅಳತೆಯಲ್ಲಿ ಜೊತೆಗೆ ಹೋಗಲೇಬೇಕು. ಹೇರ್‌ಸ್ಪ್ರಿಂಗ್ ಅವರ ನಿಯಮ ನೆನಪಿದೆಯಲ್ಲ.

ನೇರನುಡಿ

ಕ್ಷಮಿಸಿ, ನನಗೆ ಒಪ್ಪಿಗೆಯಾಗುತ್ತಿಲ್ಲ. ಗಡಿಯಾರಗಳೆಲ್ಲ ಒಟ್ಟಿಗೆ ತಪ್ಪಬಹುದು. ಆದರೂ ಹಿನ್ನೆಲೆಯಲ್ಲಿ ಒಂದು ನಿಜವಾದ ಸಮಯ ಇದ್ದೇ ಇರಬೇಕು. ಇಲ್ಲದಿದ್ದರೆ ಇಡೀ ಪ್ರಪಂಚ ಒಂದೇ ಯುಟಿಸಿ (ಎಲ್ಲ ದೇಶಗಳಿಗೂ ಆಧಾರವಾದ ಪ್ರಮಾಣ ಸಮಯ) ಇಟ್ಟುಕೊಂಡು ನಡೆಯುವುದಾದರೂ ಹೇಗೆ?

ನುಡಿಗೂಡು

ನೇರನುಡಿ ಅವರೇ, ನನಗೂ ಬಹಳ ವರ್ಷ ಹಾಗೇ ಅನಿಸುತ್ತಿತ್ತು. ಆಮೇಲೆ ಸೆಕೆಂಡ್ ಎಲ್ಲಿಂದ ಬಂತು ಅಂತ ಓದುತ್ತಾ ಹೋದೆ. ಆ ನಂಬಿಕೆ ಒಂದೊಂದೇ ಮೆಟ್ಟಿಲು ಸಡಿಲವಾಯಿತು.

ಕನ್ನಡದಲ್ಲಿ 'ಹೊತ್ತು' ಅಂದರೆ ಸಮಯ. ಹೊತ್ತು ಮುಳುಗಿತು ಅಂದರೆ ಸೂರ್ಯ ಮುಳುಗಿದ. ನಮ್ಮ ನುಡಿಯಲ್ಲಿ ಎರಡೂ ಒಂದೇ ಮಾತು. ಅಳತೆಯೂ ಶತಮಾನಗಳ ಕಾಲ ಹಾಗೇ ಇತ್ತು. ಒಂದು ದಿನದ 86,400ರಲ್ಲಿ ಒಂದು ಪಾಲು ಸೆಕೆಂಡ್. ಆದರೆ ಸೂರ್ಯ ಅಷ್ಟು ನಿಯತ್ತಿನ ಗಡಿಯಾರ ಅಲ್ಲ. ನೆರಳು ಗಡಿಯಾರ ನವೆಂಬರ್ ಆರಂಭದಲ್ಲಿ ಗೋಡೆ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತದೆ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ಹಿಂದಿರುತ್ತದೆ. ಸರಿ, ವರ್ಷದ ಸರಾಸರಿ ಹಿಡಿಯೋಣ ಅಂದರೆ ಭೂಮಿಯ ತಿರುಗಾಟವೇ ನಿಧಾನವಾಗುತ್ತಾ ಬರುತ್ತಿದೆ. ಚಂದ್ರ ಎಬ್ಬಿಸುವ ಉಬ್ಬರ ಇಳಿತ ಅದಕ್ಕೆ ಬ್ರೇಕ್ ಹಾಕುತ್ತಿದೆ. ಆ ಲೆಕ್ಕದಲ್ಲೇ ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. 1960ರಲ್ಲಿ ದಿನ ಬಿಟ್ಟು ವರ್ಷವನ್ನು ಹಿಡಿದರು. 1967ರಲ್ಲಿ ಆಕಾಶವನ್ನೇ ಬಿಟ್ಟರು. ಸೀಸಿಯಂ-133 ಪರಮಾಣುವಿನ ಒಂದು ನಿರ್ದಿಷ್ಟ ಕಿರಣದ 9,19,26,31,770 ಕಂಪನ ಅಂದರೆ ಒಂದು ಸೆಕೆಂಡ್. ಹೊತ್ತಿಗೂ ಹೊತ್ತಿಗೂ ಸಂಬಂಧ ಕಡಿದದ್ದು ಅಂದು.

ಪೂರ್ತಿ ಕಡಿಯಲೂ ಇಲ್ಲ. ಭೂಮಿ ಹಿಂದುಳಿದಾಗಲೆಲ್ಲ ಗಡಿಯಾರಕ್ಕೆ ಒಂದು ಸೆಕೆಂಡ್ ಸೇರಿಸುವ ಪದ್ಧತಿ 1972ರಿಂದ ಇದೆ. ಇದುವರೆಗೆ 27 ಸಲ ಸೇರಿಸಿದ್ದಾರೆ. ಕೊನೆಯದು 2016ರ ಡಿಸೆಂಬರ್ 31. ಆ ರಾತ್ರಿ ಯುಟಿಸಿಯಲ್ಲಿ 23:59:60 ಎಂಬ ಸಮಯ ನಿಜವಾಗಿಯೂ ಇತ್ತು.

ಇನ್ನು ಯುಟಿಸಿ. ಅದನ್ನು ತೋರಿಸುವ ಒಂದೇ ಒಂದು ಮೂಲ ಗಡಿಯಾರ ಎಲ್ಲೂ ಇಲ್ಲ. ಬೇರೆ ಬೇರೆ ದೇಶಗಳ ನಾನೂರಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕ ತರಿಸಿಕೊಂಡು ಪ್ಯಾರಿಸ್ ಪಕ್ಕದ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆ ಸರಾಸರಿ ತೆಗೆಯುತ್ತದೆ. ಯಾರ ಗಡಿಯಾರ ಎಷ್ಟು ಆಚೀಚೆ ಇತ್ತು ಅನ್ನುವ ಪಟ್ಟಿ ತಿಂಗಳಿಗೊಮ್ಮೆ ಬರುತ್ತದೆ. ನ್ಯಾನೊಸೆಕೆಂಡ್ ಮಟ್ಟದಲ್ಲಿ 'ಈಗ ಗಂಟೆ ಎಷ್ಟು' ಅನ್ನುವುದಕ್ಕೆ ಕೊನೆಯ ಉತ್ತರ ಸಿಗುವುದು ಮುಂದಿನ ತಿಂಗಳು! ಆ ಸರಾಸರಿ ತೆಗೆಯುವಾಗಲೂ ಒಂದೊಂದು ಗಡಿಯಾರ ಎಷ್ಟು ಎತ್ತರದಲ್ಲಿದೆ ಅಂತ ನೋಡಿ, ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕುತ್ತಾರೆ. ಅಂದರೆ ಯುಟಿಸಿ ನಾವೆಲ್ಲ ಕೂತು ಮಾಡಿಕೊಂಡ ಒಂದು ಒಪ್ಪಂದ. ಒಳ್ಳೆಯ ಒಪ್ಪಂದ, ಅದಿಲ್ಲದೆ ಯಾವ ಕೆಲಸವೂ ನಡೆಯುವುದಿಲ್ಲ. ಆದರೆ ಚಂದ್ರನ ಮೇಲೆ ಗಡಿಯಾರ ಇಟ್ಟರೆ ಅದು ಭೂಮಿಯ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 56 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಆಗ ಯಾವುದನ್ನು ನಿಜವಾದ ಸಮಯ ಅನ್ನೋಣ?

ಕಕ್ಷೆ

ಉಪಗ್ರಹ ಸಂಚಾರ ನನ್ನ ಕ್ಷೇತ್ರ. ಮುಂಜಾವು ಅವರ ಅನುಮಾನ ನಮ್ಮ ಹಿರಿಯ ಎಂಜಿನಿಯರ್‌ಗಳಿಗೂ ಬಂದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1977ರ ಜೂನ್‌ನಲ್ಲಿ ಎನ್‌ಟಿಎಸ್-2 ಎಂಬ ಉಪಗ್ರಹ ಹಾರಿಸಿದರು. ಜಿಪಿಎಸ್‌ಗೆ ದಾರಿ ಮಾಡಿಕೊಟ್ಟ ಉಪಗ್ರಹ, ಒಳಗೆ ಸೀಸಿಯಂ ಗಡಿಯಾರ. ಸಾಪೇಕ್ಷತೆಯ ಲೆಕ್ಕದಂತೆ ಅದು ಮುಂದೆ ಓಡಬೇಕು. ಓಡಿದರೆ ಸರಿಪಡಿಸಲು ಒಂದು ಸರ್ಕ್ಯೂಟ್ ಇಟ್ಟಿದ್ದರು, ಆದರೆ ಅದನ್ನು ಆನ್ ಮಾಡಿರಲಿಲ್ಲ. ಓಡುತ್ತದೋ ಇಲ್ಲವೋ ಮೊದಲು ನೋಡಿಬಿಡೋಣ ಅಂತ. ಸುಮಾರು 20 ದಿನ ಸುಮ್ನೆ ಬಿಟ್ಟು ಅಳೆದರು. ಒಂದು ಲಕ್ಷ ಕೋಟಿಯಲ್ಲಿ 446.5 ಪಾಲು ಮುಂದೆ ಹೋಗಬೇಕು ಅಂತ ಲೆಕ್ಕ. ಹೋಗಿದ್ದು 442.5. ಆಮೇಲೆ ಸರ್ಕ್ಯೂಟ್ ಆನ್ ಮಾಡಿದರು.

ಈಗಿನ ಜಿಪಿಎಸ್ ಉಪಗ್ರಹಗಳು 20,200 ಕಿ.ಮೀ. ಎತ್ತರದಲ್ಲಿವೆ. ವೇಗದಿಂದಾಗಿ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಗುರುತ್ವ ಕಡಿಮೆ ಇರುವುದರಿಂದ 45 ಮುಂದೆ ಹೋಗುತ್ತದೆ. ಕೂಡಿ ಕಳೆದರೆ 38 ಮುಂದೆ. ಅಷ್ಟರಲ್ಲಿ ಬೆಳಕು 11 ಕಿ.ಮೀ. ದಾಟುತ್ತದೆ. ಅದಕ್ಕೆ ನೆಲದ ಮೇಲಿರುವಾಗಲೇ ಗಡಿಯಾರವನ್ನು ಬೇಕಂತಲೇ ಸ್ವಲ್ಪ ನಿಧಾನ ಮಾಡಿ ಕಳಿಸುತ್ತೇವೆ. ಅದರ ಕಂಪನ 10.23 ಮೆಗಾಹರ್ಟ್ಜ್ (ಸೆಕೆಂಡಿಗೆ 1.023 ಕೋಟಿ ಸಲ) ಬದಲು 10.22999999543. ಮೇಲೆ ಹೋದಮೇಲೆ ಅದು ನಮಗೆ 10.23 ಆಗಿ ಕೇಳಿಸುತ್ತದೆ. ಫೋನಿನಲ್ಲಿ ದಾರಿ ತೋರಿಸುವ ನೀಲಿ ಚುಕ್ಕೆಯ ಹಿಂದೆ ಈ ತಿದ್ದುಪಡಿ ಇದೆ.

ಮುಂಜಾವು

ಅಂದರೆ ಅವರು ಕೂಡ ನನ್ನ ಹಾಗೆ 'ನೋಡಿಯೇ ಬಿಡೋಣ' ಅಂದವರೇ. ಸಮಾಧಾನ ಆಯಿತು.

ಕಪ್ಪುಹಲಗೆ ಸರ್, ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಪೆಟ್ಟಿಗೆಯೊಳಗೆ ಕೂತವರ ಪ್ರಕಾರ ಓಡುತ್ತಿರುವುದು ನಾನು. ಅವರ ಕಣ್ಣಿಗೆ ನನ್ನ ಗಡಿಯಾರ ನಿಧಾನ. ನನ್ನ ಕಣ್ಣಿಗೆ ಅವರದು ನಿಧಾನ. ಹಾಗಾದರೆ ಅವಳಿ ಮಕ್ಕಳಲ್ಲಿ ಒಬ್ಬಳು ದೂರ ಹೋಗಿ ವಾಪಸ್ ಬಂದರೆ ಯಾರಿಗೆ ವಯಸ್ಸು ಕಡಿಮೆ? ಇಬ್ಬರಿಗೂ ಅಂದರೆ ಅರ್ಥವೇ ಇಲ್ಲ.

ಕಪ್ಪುಹಲಗೆ

ಇದು ಬಹಳ ಒಳ್ಳೆಯ ಪ್ರಶ್ನೆ. ದೂರ ಹೋಗಿ ವಾಪಸ್ ಬಂದವರಿಗೆ ವಯಸ್ಸು ಕಡಿಮೆ ಆಗಿರುತ್ತದೆ ಅನ್ನುವ ಇಂಥ ಕಥೆಯನ್ನು 1911ರಲ್ಲೇ ಫ್ರೆಂಚ್ ಭೌತವಿಜ್ಞಾನಿ ಪಾಲ್ ಲಾಂಜೆವಾನ್ ಚರ್ಚೆಗೆ ತಂದರು. ಎಷ್ಟೋ ಕಡೆ 'ತಿರುಗಿ ಬಂದವಳು ಕಿರಿಯಳು, ಯಾಕೆಂದರೆ ಅವಳು ತಿರುಗಿದಳು' ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸಾಲದು. ಎಣಿಸಿಯೇ ನೋಡೋಣ.

ಅಕ್ಕ ಮನೆಯಲ್ಲಿ ಇರುತ್ತಾಳೆ. ತಂಗಿ ಬೆಳಕಿನ ವೇಗದ ನೂರಕ್ಕೆ 60 ಪಾಲು ವೇಗದಲ್ಲಿ ಹೋಗುತ್ತಾಳೆ. ನಕ್ಷತ್ರ 3 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ 3 ವರ್ಷದ ದಾರಿ. ಅಕ್ಕನ ಲೆಕ್ಕದಲ್ಲಿ ಹೋಗಲು 5 ವರ್ಷ, ಬರಲು 5 ವರ್ಷ. ಹಾಳೆಯ ಮೇಲಿನ 5ಕ್ಕೆ 4 ನೆನಪಿಸಿಕೊಳ್ಳಿ: ತಂಗಿಗೆ ಹೋಗಲು 4, ಬರಲು 4. ಇಬ್ಬರೂ ತಮ್ಮ ತಮ್ಮ ಗಡಿಯಾರ ನೋಡಿ ವರ್ಷಕ್ಕೊಂದು ಸಲ ದೀಪ ಮಿನುಗಿಸುತ್ತಾರೆ.

ದೂರ ಹೋಗುತ್ತಿರುವಾಗ ಒಂದೊಂದು ಮಿನುಗೂ ಹೆಚ್ಚು ದೂರ ಬರಬೇಕು. ಈ ವೇಗಕ್ಕೆ ಲೆಕ್ಕ ಹಾಕಿದರೆ ಎರಡು ವರ್ಷಕ್ಕೊಂದು ಮಿನುಗು ಕಾಣುತ್ತದೆ. ಹತ್ತಿರ ಬರುವಾಗ ವರ್ಷಕ್ಕೆ ಎರಡು. ಇದು ಇಬ್ಬರಿಗೂ ಒಂದೇ. ಇಲ್ಲಿಯವರೆಗೆ ಯಾವ ಭೇದವೂ ಇಲ್ಲ.

ತಂಗಿ ಏನು ನೋಡುತ್ತಾಳೆ? ಹೋಗುವ 4 ವರ್ಷದಲ್ಲಿ 2 ಮಿನುಗು. ಹಡಗು ತಿರುಗಿಸಿದ ಕೂಡಲೇ ಮಿನುಗುಗಳು ಬೇಗ ಬೇಗ ಬರತೊಡಗುತ್ತವೆ. ಬರುವ 4 ವರ್ಷದಲ್ಲಿ 8. ಒಟ್ಟು 10.

ಅಕ್ಕ ಏನು ನೋಡುತ್ತಾಳೆ? ತಂಗಿ 5ನೇ ವರ್ಷ ತಿರುಗಿದಳು. ಆ ಸುದ್ದಿಯ ಬೆಳಕು 3 ಜ್ಯೋತಿರ್ವರ್ಷ ದಾಟಿ ಬರಬೇಕು. ಅಕ್ಕನಿಗೆ ಅದು ಗೊತ್ತಾಗುವುದು 8ನೇ ವರ್ಷ. ಆ 8 ವರ್ಷ ಅವಳು ನಿಧಾನದ ಮಿನುಗುಗಳನ್ನೇ ನೋಡುತ್ತಾಳೆ, 4. ಉಳಿದ 2 ವರ್ಷದಲ್ಲಿ ಬೇಗದ ಮಿನುಗು, 4. ಒಟ್ಟು 8.

ಭೇದ ಇಲ್ಲಿದೆ ನೋಡಿ. ತಂಗಿಗೆ ಅರ್ಧ ದಾರಿಯಲ್ಲೇ ದೃಶ್ಯ ಬದಲಾಯಿತು, ಅಕ್ಕನಿಗೆ ಬಹಳ ತಡವಾಗಿ. ಮನೆಯಲ್ಲಿ ಸೇರಿದಾಗ ಇಬ್ಬರ ಎಣಿಕೆಯಲ್ಲೂ ತಕರಾರಿಲ್ಲ. ಅಕ್ಕನಿಗೆ 10 ವರ್ಷ ಆಗಿದೆ, ತಂಗಿಗೆ 8. ತಂಗಿಯ ಗಡಿಯಾರ ಯಾವತ್ತೂ ಕೆಟ್ಟಿರಲಿಲ್ಲ. ಎರಡು ಊರಿನ ನಡುವೆ ಎರಡು ದಾರಿ ಇದ್ದರೆ ಕಿಲೋಮೀಟರ್ ಬೇರೆ ಬೇರೆ ಬರುವುದಿಲ್ಲವೇ? ಮೀಟರ್ ಕೆಟ್ಟಿದೆ ಅನ್ನುವುದಿಲ್ಲವಲ್ಲ. ಹಾಗೇ ಎರಡು ಭೇಟಿಗಳ ನಡುವೆ ಅವರು ಬೇರೆ ಬೇರೆ ದಾರಿಯಲ್ಲಿ ಬಂದರು. ಗಡಿಯಾರ ತಾನು ಬಂದ ದಾರಿಯನ್ನು ಅಳೆಯಿತು.

ನೇರನುಡಿ

ಈ ಎಣಿಕೆಯನ್ನು ಎರಡು ಸಲ ಮಾಡಿ ನೋಡಿದೆ. ತಪ್ಪು ಸಿಗಲಿಲ್ಲ. ಹಿನ್ನೆಲೆಯ ಸಮಯ ಎಲ್ಲೂ ಬೇಕಾಗಲೇ ಇಲ್ಲ ಅನ್ನುವುದು ನಿಜ. ಇನ್ನೂ ಜೀರ್ಣವಾಗಿಲ್ಲ, ಆದರೆ ನನ್ನ ಹಿಂದಿನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಹೇರ್‌ಸ್ಪ್ರಿಂಗ್

ಮೇಷ್ಟ್ರೇ, ದಾರಿಯ ಮಾತು ಮನಸ್ಸಿಗೆ ನಾಟಿತು. ನನಗೆ ಎತ್ತರದ ವಿಷಯ ಇನ್ನೂ ಅಚ್ಚರಿ. ಒಂದು ಕಿ.ಮೀ.ಗೆ 9 ನ್ಯಾನೊಸೆಕೆಂಡ್ ಅಂದಿರಿ. ಹಾಗಾದರೆ ಮೇಜಿನ ಮೇಲಿನ ಗಡಿಯಾರ, ಮೇಜಿನ ಕೆಳಗಿನ ಗಡಿಯಾರ?

ಕಕ್ಷೆ

ಅದನ್ನೂ ಅಳೆದಿದ್ದಾರೆ. 2010ರಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆಯವರು ಅಲ್ಯೂಮಿನಿಯಂ ಬಳಸುವ ಎರಡು ಪರಮಾಣು ಗಡಿಯಾರಗಳಲ್ಲಿ ಒಂದನ್ನು 33 ಸೆಂ.ಮೀ. ಮೇಲೆತ್ತಿದರು. ಹೆಚ್ಚು ಕಡಿಮೆ ಒಂದು ಅಡಿ. ಮೇಲಿನದು ಬೇಗ ಓಡಿತು. 2022ರಲ್ಲಿ ಅಲ್ಲಿನ ಜೈಲಾ ಪ್ರಯೋಗಾಲಯದವರು ಸ್ಟ್ರಾಂಷಿಯಂ ಪರಮಾಣುಗಳ ಒಂದೇ ಒಂದು ಸಣ್ಣ ಮೋಡದೊಳಗೆ, ಒಂದು ಮಿಲಿಮೀಟರ್ ಅಂತರದಲ್ಲಿ, ಈ ವ್ಯತ್ಯಾಸ ಹಿಡಿದರು.

ನಿಮ್ಮ ತಲೆ ಪಾದಕ್ಕಿಂತ ಬೇಗ ಮುಪ್ಪಾಗುತ್ತದೆ. 80 ವರ್ಷ ನಿಂತೇ ಇದ್ದರೂ ಅರ್ಧ ಮೈಕ್ರೊಸೆಕೆಂಡಿನಷ್ಟೂ ಆಗುವುದಿಲ್ಲ, ಅದು ಬೇರೆ ಮಾತು. ಈಗ ಇದನ್ನೇ ತಿರುಗಿಸಿ ಗಡಿಯಾರದಿಂದ ಎತ್ತರ ಅಳೆಯುವ ಕೆಲಸ ನಡೆಯುತ್ತಿದೆ. 2020ರಲ್ಲಿ ಟೋಕಿಯೊ ಸ್ಕೈಟ್ರೀ ಗೋಪುರದಲ್ಲಿ 450 ಮೀಟರ್ ಎತ್ತರಕ್ಕೆ ಒಂದು ಗಡಿಯಾರ ಒಯ್ದು, ಬುಡದಲ್ಲೊಂದು ಇಟ್ಟು ಹೋಲಿಸಿದ್ದರು.

ಇಬ್ಬನಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಆಸ್ಪತ್ರೆಯ ವರಾಂಡದಲ್ಲಿ ಕಾಯುವಾಗ ಹತ್ತು ನಿಮಿಷ ಒಂದು ಯುಗ ಆಗುತ್ತದಲ್ಲ, ಅದಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ಕಪ್ಪುಹಲಗೆ

ಇಲ್ಲ. ಅದು ನಮ್ಮ ಮನಸ್ಸಿನ ಎಣಿಕೆ. ಅಲ್ಲಿನ ಗೋಡೆ ಗಡಿಯಾರ ನಿಮ್ಮ ಅನುಭವವನ್ನು ಒಪ್ಪುವುದಿಲ್ಲ. ತಂಗಿಯ ಕಥೆಯಲ್ಲಿ ಅನುಭವ, ಗಡಿಯಾರ, ನಾಡಿ, ಕೂದಲ ನರೆ ಎಲ್ಲ ಒಂದಕ್ಕೊಂದು ತಾಳೆಯಾಗುತ್ತವೆ. ಅವಳಿಗೆ ಎಂಟು ವರ್ಷ ಎಂಟು ವರ್ಷದಂತೆಯೇ ಕಳೆಯುತ್ತದೆ. ಒಂದು ಗಳಿಗೆಯೂ ಎಳೆದಂತೆ ಅನಿಸುವುದಿಲ್ಲ.

ಮುಂಜಾವು

ಎರಡು ದಿನ ಬಿಟ್ಟು ಬರುತ್ತಿದ್ದೇನೆ. ಹಾಳೆ, ಸ್ಕೇಲ್ ಇಟ್ಟುಕೊಂಡು ಕೂತಿದ್ದೆ. ಈ ಸಲ ವೇಗ ನೂರಕ್ಕೆ 80, ನಕ್ಷತ್ರ 4 ಜ್ಯೋತಿರ್ವರ್ಷ ದೂರ ಅಂತ ಹಿಡಿದೆ. ಅಡ್ಡ ಗೆರೆ 4, ನೆಟ್ಟ ಗೆರೆ 3, ಓರೆ 5. ಅಕ್ಕನಿಗೆ ಹೋಗಲು 5 ವರ್ಷ, ಬರಲು 5. ತಂಗಿಗೆ 3 ಮತ್ತು 3. ಮಿನುಗಿನ ಅಂತರ ಎಷ್ಟು ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ತಂಗಿಯ ಒಂದು ವರ್ಷ ಅಂದರೆ ಅಕ್ಕನ ಲೆಕ್ಕದಲ್ಲಿ ಐದರಲ್ಲಿ ಮೂರನೇ ಒಂದು ಭಾಗ, ಒಂದು ವರ್ಷ ಎಂಟು ತಿಂಗಳು. ಅಷ್ಟರಲ್ಲಿ ಅವಳು ಇನ್ನೂ ಒಂದು ವರ್ಷ ನಾಲ್ಕು ತಿಂಗಳ ಬೆಳಕಿನ ದಾರಿ ದೂರ ಹೋಗಿದ್ದಾಳೆ. ಎರಡನ್ನೂ ಕೂಡಿದರೆ ಸರಿಯಾಗಿ ಮೂರು ವರ್ಷ. ಬರುವಾಗ ಒಂದರಿಂದ ಇನ್ನೊಂದನ್ನು ಕಳೆದರೆ ನಾಲ್ಕು ತಿಂಗಳು.

ಹಾಗಾಗಿ ತಂಗಿ ಹೋಗುವಾಗ ನೋಡಿದ್ದು 1 ಮಿನುಗು, ಬರುವಾಗ 9. ಒಟ್ಟು 10. ಅಕ್ಕ 9 ವರ್ಷ ಕಾದು ನೋಡಿದ್ದು 3, ಕೊನೆಯ ಒಂದೇ ವರ್ಷದಲ್ಲಿ ಇನ್ನೂ 3. ಒಟ್ಟು 6. ಇಬ್ಬರದೂ ಹೊಂದುತ್ತಿದೆ. ಸರ್, ಸರಿ ಇದೆಯಾ?

ಕಪ್ಪುಹಲಗೆ

ಪೂರ್ತಿ ಸರಿ ಇದೆ. ಮಿನುಗಿನ ಅಂತರವನ್ನು ನಾನು ಹೇಳಿಕೊಟ್ಟಿರಲಿಲ್ಲ, ನೀವೇ ಕಂಡುಹಿಡಿದಿರಿ. ಅಕ್ಕ ಆ ಒಂಬತ್ತು ವರ್ಷ ಹೇಗೆ ಕಾದಳು ಅಂತ ಮಾತ್ರ ಒಮ್ಮೆ ಯೋಚಿಸಿ.